ಗಟ್ಟಿಯಾಗುವುದು ಬೇರೆ, ಮಣ್ಣಾಗುವುದು ಬೇರೆ

ಮಲೆನಾಡಿನ ಮದುವೆಮನೆಗಳಿಗೂ ‘ಮಣ್ಣಿನಲ್ಲಿ ಕರಗುವ’ ಲೋಟ, ಚಮಚಗಳು ಬರತೊಡಗಿವೆ. ಇವುಗಳಲ್ಲಿ ಹಲವು ಮೆಕ್ಕೆಜೋಳದ ಪಿಷ್ಟದಿಂದಲೋ ಕಬ್ಬಿನ ಸಕ್ಕರೆಯಿಂದಲೋ ತಯಾರಾಗುವ ಪಾಲಿಲ್ಯಾಕ್ಟಿಕ್ ಆಮ್ಲವೆಂಬ ಪ್ಲಾಸ್ಟಿಕ್‌ನವು. ಅದರ ದೊಡ್ಡ ಕೊರತೆಯೆಂದರೆ ಬಾಗದೆ ಚಟ್ಟನೆ ಮುರಿಯುವ ಗುಣ.

ಈ ಕೊರತೆಗೆ ವಿಜ್ಞಾನಿಗಳು ಕಂಡುಕೊಂಡ ಒಂದು ಮದ್ದು ರಬ್ಬರು. ಬೆರೆಸಿದ ರಬ್ಬರು ಕಣ್ಣಿಗೆ ಕಾಣದಷ್ಟು ಸಣ್ಣ ಹನಿಗಳಾಗಿ ಹರಡಿಕೊಂಡು ಪೆಟ್ಟಿನ ರಭಸವನ್ನು ಹೀರುತ್ತದೆ. ಬಿರುಕು ಮುಂದೆ ಸಾಗದಂತೆ ತಡೆಯುತ್ತದೆ. 2011ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಶೇಕಡಾ 5ರಷ್ಟು ಹಿಗ್ಗುವಷ್ಟರಲ್ಲಿ ತುಂಡಾಗುತ್ತಿದ್ದ ಈ ಪ್ಲಾಸ್ಟಿಕ್, ಶೇಕಡಾ 10ರಷ್ಟು ನೈಸರ್ಗಿಕ ರಬ್ಬರು ಬೆರೆತ ಮೇಲೆ ಶೇಕಡಾ 200ರವರೆಗೆ ಹಿಗ್ಗಿತು.

ಸಾಧನೆ ಸ್ವಾಗತಾರ್ಹ. ಆದರೆ ಗಟ್ಟಿಯಾದ ಮಾತ್ರಕ್ಕೆ ಅದು ಮಣ್ಣಾಗುವುದಿಲ್ಲ. ಸುಮಾರು 58 ಡಿಗ್ರಿ ಸೆಲ್ಸಿಯಸ್ ಶಾಖವಿರುವ ಕೈಗಾರಿಕಾ ಗೊಬ್ಬರ ಘಟಕದಲ್ಲಿ ಕೆಲವೇ ತಿಂಗಳಲ್ಲಿ ಕೊಳೆಯುವ ಈ ಪ್ಲಾಸ್ಟಿಕ್, ತೋಟದ ತಂಪು ಮಣ್ಣಿನಲ್ಲಿ, ಹಳ್ಳದ ನೀರಿನಲ್ಲಿ ವರ್ಷಗಟ್ಟಲೆ ಉಳಿಯಬಲ್ಲದು. ಬೆರೆಸಿದ್ದು ಪೆಟ್ರೋಲಿಯಂ ಮೂಲದ ಕೃತಕ ರಬ್ಬರಾದರೆ ಅದರ ಚೂರುಗಳು ಇನ್ನೂ ದೀರ್ಘಕಾಲ ನಿಲ್ಲುತ್ತವೆ.

ನೈಸರ್ಗಿಕ ರಬ್ಬರಿಗೆ ಬೇಡಿಕೆ ಹೆಚ್ಚಿದರೆ ಸುಳ್ಯ, ಪುತ್ತೂರುಗಳ ಬೆಳೆಗಾರರಿಗೆ ಹಿತವೇ. ಇರುವ ತೋಟಗಳ ಹಾಲಿಗೆ ಒಳ್ಳೆಯ ಬೆಲೆ ದೊರೆಯಲಿ. ಅದರ ನೆಪದಲ್ಲಿ ಮತ್ತೊಂದು ಗುಡ್ಡದ ಕಾಡು ಬೋಳಾಗದಿರಲಿ.

ಯಾವ ರಬ್ಬರು ಬೆರೆತಿದೆ, ಎಲ್ಲಿ ಕೊಳೆಯುತ್ತದೆ, ಎಷ್ಟು ದಿನಗಳಲ್ಲಿ ಎಂಬುದನ್ನು ತಯಾರಕರು ಲೋಟದ ಮೇಲೆಯೇ ಅಚ್ಚು ಹಾಕಬೇಕು. ಹಾಗೆ ಕೇಳುವ ಹಕ್ಕು ಪ್ರತಿ ಹಳ್ಳಿಗೂ ಇದೆ. ಉತ್ತರ ಬರುವವರೆಗೆ ಬಾಳೆಲೆಯೂ ತೊಳೆದಿಟ್ಟ ಸ್ಟೀಲ್ ಲೋಟವೂ ಊಟದ ಪಂಕ್ತಿಗೆ ಸಾಕು.