ಲಿಸ್ಟ್ ಯಾರಿಗೆ ಹೋಗುತ್ತೆ?

"ಮೇಡಂ, ಲಿಸ್ಟ್ ಯಾರಿಗೆ ಹೋಗುತ್ತೆ?" ಎಂದು ಕೇಳಿದ ಅಗ್ನಿಶಾಮಕ ಸಿಬ್ಬಂದಿಯೊಬ್ಬರು ನನ್ನ ಉತ್ತರ ಕೇಳಿ ಬಾಗಿಲಿಂದಲೇ ವಾಪಸಾದರು. ಬಾವಿಯಿಂದ ಎರಡು ಮಕ್ಕಳ ಹೆಣ ಎತ್ತಿದ್ದ ತಂಡಕ್ಕೆಂದು ಏರ್ಪಡಿಸಿದ್ದ ಆಪ್ತಸಮಾಲೋಚನೆ ಅದು. ಮೇಜಿನ ಮೇಲೆ ಹಾಜರಿ ಪುಸ್ತಕವಿತ್ತು: ಹೆಸರು, ಹುದ್ದೆ, ಒಳಗೆ ಕೂತ ಸಮಯ. ಸಂಜೆ ಅದು ಮೇಲಧಿಕಾರಿಯ ಕೋಣೆಗೆ ಹೋಗಬೇಕಿತ್ತು. ಹಾಗೆಂದೇ ಹೇಳಿದೆ. (ಅವರು ನನ್ನೆದುರು ಬಾಯೇ ಬಿಡಲಿಲ್ಲವಾದ್ದರಿಂದ ಯಾರ ಗುಟ್ಟನ್ನೂ ನಾನಿಲ್ಲಿ ಒಡೆಯುತ್ತಿಲ್ಲ. ಆದರೂ ಊರಿನ ಹೆಸರು ಬೇಡ.)

ಆ ಅಧಿಕಾರಿ ಕೆಟ್ಟವರೇನಲ್ಲ. "ಏನು ಮಾತಾಡಿದರು ಅಂತ ನಾನು ಕೇಳಲ್ಲ ಮೇಡಂ, ಯಾರು ಬಂದರು ಅಂತಷ್ಟೇ" ಎಂದರು. ನನ್ನ ಜಗಳ ಇರುವುದೇ ಈ 'ಅಷ್ಟೇ'ಯ ಜೊತೆ. ಹತ್ತು ನಿಮಿಷ ಕೂತವರಾರು, ಒಂದೂವರೆ ಗಂಟೆ ಕೂತವರಾರು, ಮುಂದಿನ ವಾರ ಮತ್ತೆ ಬಂದವರಾರು ಎಂದು ತಿಳಿದ ಮೇಲೆ ಗುಟ್ಟು ಎನ್ನುವುದು ಎಲ್ಲಿ ಉಳಿಯಿತು? ಬಡ್ತಿಯ ಹೊತ್ತಿಗೆ, ಡ್ಯೂಟಿ ಹಂಚುವ ಹೊತ್ತಿಗೆ ಯಾರೂ ಏನನ್ನೂ ಬರೆಯುವುದಿಲ್ಲ. 'ಅವನಿಗೆ ಸ್ವಲ್ಪ ಪ್ರಾಬ್ಲಂ ಇದೆಯಂತೆ' ಎಂಬ ಮಾತೊಂದು ಓಡಾಡಿದರೆ ಸಾಕು. ಸರ್ಕಾರಿ ನೌಕರಿಯಲ್ಲಿ ಮೇಲಿನವರು ಕೆಳಗಿನವರ ಬಗ್ಗೆ ಬರೆದರೆ ಅದನ್ನು ಗೌಪ್ಯ ವರದಿ ಎನ್ನುತ್ತಾರೆ. ಕೆಳಗಿನವರು ಅತ್ತರೆ ಹಾಜರಿ ಪುಸ್ತಕ.

ಕಾನೂನಿದೆಯಲ್ಲ ಎನ್ನುವವರಿದ್ದಾರೆ. ಇದೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 23ನೇ ಸೆಕ್ಷನ್ ಗೌಪ್ಯತೆಯನ್ನು ಹಕ್ಕೆಂದೇ ಕೊಡುತ್ತದೆ. ಕೊಡುವುದು ಯಾರಿಗೆ? ಮಾನಸಿಕ ಅಸ್ವಸ್ಥತೆ ಇರುವ ವ್ಯಕ್ತಿಗೆ. ಮಗುವಿನ ಹೆಣ ಎತ್ತಿ ಬಂದು ಮೂರು ರಾತ್ರಿ ನಿದ್ದೆ ಬಾರದವರು ಅಸ್ವಸ್ಥರೇ? ಯಾವ ಹಣೆಪಟ್ಟಿಗೆ ಹೆದರಿ ಅವರು ಬಾಗಿಲಿಂದ ತಿರುಗಿ ಹೋದರೋ, ಅದನ್ನೇ ಮೊದಲು ಅಂಟಿಸಿಕೊಂಡು ಬನ್ನಿ, ಆಮೇಲೆ ಕಾಪಾಡುತ್ತೇವೆ ಎಂದಂತಾಯಿತು. ವಕೀಲರಿಗೆ ಹೇಳಿಕೊಂಡ ಮಾತಿಗೆ ನಮ್ಮ ಸಾಕ್ಷ್ಯ ಕಾನೂನಿನಲ್ಲಿ ರಕ್ಷಣೆಯಿದೆ. ಆಪ್ತಸಮಾಲೋಚಕರಿಗೆ ಹೇಳಿಕೊಂಡ ಮಾತಿಗೆ ಅಂಥ ವಿಧಿಯಿಲ್ಲ.

ಅಮೆರಿಕದಲ್ಲಿ ಇದು ಸುಪ್ರೀಂ ಕೋರ್ಟಿನವರೆಗೆ ಹೋಯಿತು. 1991ರಲ್ಲಿ ಇಲಿನಾಯ್ ರಾಜ್ಯದ ಪೊಲೀಸ್ ಅಧಿಕಾರಿ ಮೇರಿ ಲೂ ರೆಡ್ಮಂಡ್ ಜಗಳದ ಕರೆ ಬಂದ ಜಾಗಕ್ಕೆ ಹೋಗಿ ಒಬ್ಬನನ್ನು ಗುಂಡಿಟ್ಟು ಕೊಂದರು. ಆಮೇಲೆ ಸಮಾಜಕಾರ್ಯಕರ್ತೆಯೊಬ್ಬರ ಬಳಿ ಸುಮಾರು 50 ಸಲ ಕೂತು ಮಾತಾಡಿದರು. ಸತ್ತವನ ಕಡೆಯವರು ಮೊಕದ್ದಮೆ ಹೂಡಿ ಆ ಟಿಪ್ಪಣಿಗಳನ್ನು ಕೇಳಿದರು. ಕೊಡಬೇಕಿಲ್ಲ ಎಂದು 1996ರಲ್ಲಿ ಏಳು ನ್ಯಾಯಮೂರ್ತಿಗಳು ಹೇಳಿದರು, ಇಬ್ಬರು ಒಪ್ಪಲಿಲ್ಲ. ಒಪ್ಪದ ಸ್ಕೇಲಿಯಾ ಅವರ ತಕರಾರು ಸ್ವಾರಸ್ಯದ್ದು: ಅಮ್ಮನ ಹತ್ತಿರ ಹೇಳಿಕೊಂಡದ್ದಕ್ಕೇ ಇಲ್ಲದ ರಕ್ಷಣೆ ಇದಕ್ಕೇಕೆ? ಅಮ್ಮ ಯಾರ ಕಚೇರಿಗೂ ಪಟ್ಟಿ ಕಳಿಸುವುದಿಲ್ಲ ಸ್ವಾಮಿ, ಅದಕ್ಕೆ! ಸತ್ತವನ ಮನೆಯವರನ್ನು ನೆನೆದರೆ ಈ ತೀರ್ಪು ನನಗೂ ಇರುಸುಮುರುಸೇ. ಆದರೆ ಕೋರ್ಟು ಒಂದು ಮಾತನ್ನು ಸರಿಯಾಗಿ ಗುರುತಿಸಿತು: ರಕ್ಷಣೆಯಿಲ್ಲದಿದ್ದರೆ ಅಂಥ ಮಾತುಕತೆಯೇ ನಡೆಯುವುದಿಲ್ಲ, ಆಗ ಕೇಳಿ ಪಡೆಯುವುದಕ್ಕೆ ಸಾಕ್ಷ್ಯವೂ ಇರುವುದಿಲ್ಲ.

ಬಂದೂಕು ಹಿಡಿಯುವವರ, ಆಂಬುಲೆನ್ಸ್ ಓಡಿಸುವವರ ಮನಸ್ಸು ನೆಟ್ಟಗಿಲ್ಲದಿದ್ದರೆ ಇಲಾಖೆಗೆ ತಿಳಿಯಬೇಡವೇ? ತಿಳಿಯಬೇಕು. ಅದಕ್ಕೆ ಬೇರೆ ವೈದ್ಯರಿಂದ, ಮೊದಲೇ ಹೇಳಿ, ತಪಾಸಣೆ ಮಾಡಿಸಲಿ. ಜೀವಕ್ಕೆ ಅಪಾಯವಿದ್ದಾಗ ಬಾಯಿ ಬಿಡಲು ಅದೇ 23ನೇ ಸೆಕ್ಷನ್ ಅವಕಾಶ ಕೊಟ್ಟಿದೆ. ತಪಾಸಣೆಗೆ ಸಮಾಲೋಚನೆಯ ವೇಷ ಹಾಕಿಸಬೇಡಿ ಎಂಬುದಷ್ಟೇ ನನ್ನ ತಕರಾರು. ಹಾಗೆ ಮಾಡಿದರೆ ನಿಜವಾಗಿ ಕುಸಿದಿರುವವರೇ ಮೊದಲು 'ನಾನು ಆರಾಮಿದ್ದೇನೆ ಸಾರ್' ಎಂದು ಸೆಲ್ಯೂಟ್ ಹೊಡೆಯುತ್ತಾರೆ, ಮರುದಿನ ಅದೇ ಗಾಡಿ ಹತ್ತುತ್ತಾರೆ.

ಮುಂದಿನ ಸಲ ಎಷ್ಟು ಜನ ಬಂದರು ಎಂಬ ಸಂಖ್ಯೆ ಕೊಡುತ್ತೇನೆ, ಹೆಸರು ಕೊಡುವುದಿಲ್ಲ ಎಂದು ಆ ಅಧಿಕಾರಿಗೆ ಬರೆದು ಕಳಿಸಿದೆ. ಅವರು ಮತ್ತೆ ನನ್ನನ್ನು ಕರೆದಿಲ್ಲ.