ಗಿರಣಿಯ ನೂರು ವರ್ಷ ಯಾರ ಖಾತೆಗೆ?



ಸೊಲ್ಲಾಪುರದ ಕನ್ನಡದ ಬಗ್ಗೆ ಯಾವ ವೇದಿಕೆಯ ಭಾಷಣ ಕೇಳಿದರೂ ದಾರಿ ಒಂದೇ. ಹನ್ನೆರಡನೇ ಶತಮಾನದ ಸೊನ್ನಲಿಗೆಯಿಂದ ಹೊರಡ್ತದ. ಸಿದ್ಧರಾಮ ಕೆರೆ ಕಟ್ಟಿಸಿದ್ದು, ಅರವತ್ತೆಂಟು ಲಿಂಗ ಸ್ಥಾಪಿಸಿದ್ದು, ರಾಘವಾಂಕ ಅವನ ಚರಿತ್ರೆ ಬರೆದದ್ದು ಬರ್ತದ. ಮುಂದಿನ ಉಸಿರಿಗೆ 1967ರ ಮಹಾಜನ ವರದಿ. ಅಕ್ಕಲಕೋಟ ತಾಲೂಕು ಕರ್ನಾಟಕಕ್ಕೆ ಸೇರಬೇಕೆಂದು ವರದಿ ಹೇಳಿತ್ತು, ಸೇರಲಿಲ್ಲ, ಚಪ್ಪಾಳೆ, ಭಾಷಣ ಮುಗೀತು. ಇದರಲ್ಲಿ ಸುಳ್ಳು ಏನೂ ಇಲ್ಲ. ಆದರೆ ನಡುವೆ ಎಂಟುನೂರು ವರ್ಷ ಬಿದ್ದುಹೋಗ್ತಾವ. ಅದರಾಗೂ ಇವತ್ತಿನ ಈ ಶಹರವನ್ನ ಶಹರ ಮಾಡಿದ ಗಿರಣಿ ಕಾಲಕ್ಕೆ ನಮ್ಮ ಕಡೆಯಿಂದ ಒಂದು ಸಾಲೂ ಇಲ್ಲ.

ಬೇರೆಯವರಲ್ಲಿ ಅದ. ತೆಲಂಗಾಣದ ಕಡೆಯಿಂದ ಬಂದ ಪದ್ಮಶಾಲಿ ನೇಕಾರರು ಪೂರ್ವಭಾಗದ ಪೇಠೆಗಳಲ್ಲಿ ನೆಲೆನಿಂತು ಸೊಲ್ಲಾಪುರಿ ಚಾದರಕ್ಕೆ ಹೆಸರು ತಂದ ಕಥೆ ಅವರ ಮನೆಯ ಹುಡುಗರಿಗೆಲ್ಲ ಗೊತ್ತು. ಬೀಡಿ ಕಟ್ಟಿ ಮನೆ ನಡೆಸಿದ ಅವರ ಹೆಣ್ಮಕ್ಕಳ ಕಥೆಯೂ ಗೊತ್ತು. ಮರಾಠಿಯಲ್ಲಿ ಕಾಮಗಾರರ ಚಳವಳಿಯ ಬಗ್ಗೆ ಬರೆದವರಿದ್ದಾರೆ. ಬರೆದುಕೊಂಡದ್ದು ಅವರ ಹೆಚ್ಚುಗಾರಿಕೆ, ಅದಕ್ಕೆ ಹೊಟ್ಟೆಕಿಚ್ಚು ಪಡೋದೇನೂ ಇಲ್ಲ. ನಮ್ಮ ಅಜ್ಜಂದಿರೂ ಅದೇ ಭೋಂಗಾ ಕೇಳಿ ಎದ್ದು ಅದೇ ಗೇಟಿನ ಮುಂದೆ ನಿಂತವರು. ಅವರನ್ನ ಯಾರು ಬರೀತಾರ ಅನ್ನೋದಷ್ಟೇ ನಮ್ಮ ಪ್ರಶ್ನೆ.

ಮೊದಲು ರೈಲು ಬಂತು. ಮುಂಬೈ ಕಡೆಯ ಹಳಿ 1860ರಲ್ಲಿ ಸೊಲ್ಲಾಪುರ ಮುಟ್ಟಿತು, 1871ಕ್ಕೆ ರಾಯಚೂರಿನವರೆಗೆ ಹೋಯಿತು. ಈಗಲೂ ಅದೇ ಹಳಿಯ ಮೇಲೆ ಹೊಟಗಿ, ತಿಲಾಟಿ, ಅಕ್ಕಲಕೋಟ ರೋಡ್, ನಾಗಣಸೂರ, ಬೋರೋಟಿ, ದುಧನಿ ಅಂತ ಸ್ಟೇಷನ್ನುಗಳು ಸಾಲಾಗಿ ಬರ್ತಾವ. ಹೊಟಗಿಯಿಂದ ಇನ್ನೊಂದು ಹಳಿ ವಿಜಯಪುರ, ಗದಗಿನ ಕಡೆ ಹೊರಳ್ತದ. ಈ ಎರಡು ಹಳಿಗಳ ನಕ್ಷೆ ಒಮ್ಮೆ ತೆಗೆದು ನೋಡ್ರಿ. ಕನ್ನಡ ಹಳ್ಳಿಗಳಿಂದ ಗಿರಣಿಗೆ ಬರುವ ದಾರಿ ಅದರಾಗೇ ಕಾಣ್ತದ.

ಆಮೇಲೆ ಗಿರಣಿ. ಮೊರಾರ್ಜಿ ಗೋಕುಲದಾಸರ ಸೋಲಾಪುರ ಸ್ಪಿನ್ನಿಂಗ್ ಆಂಡ್ ವೀವಿಂಗ್ ಕಂಪನಿಯ ಗಿರಣಿ 1877ರಲ್ಲಿ ಶುರುವಾಯಿತು. ಜನ ಅದನ್ನ ಜುನಿ ಮಿಲ್ ಅಂತಾರ, ನಮ್ಮವರ ಬಾಯಲ್ಲಿ ಹಳೇ ಗಿರಣಿ. ಮುರಾರ್ಜಿ ಪೇಠೆಗೆ ಹೆಸರು ಬಂದದ್ದು ಆ ಮೊರಾರ್ಜಿಯಿಂದ. ಬೆನ್ನಿಗೆ ನರಸಿಂಗಗಿರ್ಜಿ, ಲಕ್ಷ್ಮಿ, ವಿಷ್ಣು, ಜಾಮ್ ಮಿಲ್ಲುಗಳು ಎದ್ದವು. ಅಕ್ಕಲಕೋಟ ಆಗ ಭೋಸಲೆ ಅರಸರ ಬೇರೆ ಸಂಸ್ಥಾನ, ಮುಂಬೈ ಪ್ರಾಂತಕ್ಕೆ ವಿಲೀನವಾಗಿದ್ದು 1948ರಲ್ಲಿ. ಅಂದರೆ ಸಂಸ್ಥಾನದ ಹಳ್ಳಿಯಿಂದ ಪಾಳಿಗೆ ಬಂದ ಹುಡುಗ ಗಡಿ ದಾಟಿಯೇ ಕೆಲಸಕ್ಕೆ ಬರ್ತಿದ್ದ. ಗಡಿ ಅನ್ನೋ ಮಾತು ನಮಗೆ 1956ರಿಂದ ಶುರುವಾಯ್ತು ಅಂತ ತಿಳಿದವರು ಇದನ್ನ ಸ್ವಲ್ಪ ವಿಚಾರ ಮಾಡ್ರಿ.

ಊರೊಳಗೆ ಕನ್ನಡ ಎಲ್ಲಿತ್ತು ಅಂತ ಕೇಳೋರಿಗೆ ದೂರ ಹೋಗೋದು ಬ್ಯಾಡ. ಬಾಳಿವೇಸ, ತುಳಜಾಪುರ ವೇಸ, ವಿಜಾಪುರ ವೇಸ ಅಂತ ದಿನಾ ಅಂತೀವಿ. ವೇಸ ಅಂದರೆ ನಮ್ಮ ಹಳ್ಳಿಯ ಅಗಸಿ. ಘರ್‌ಪಟ್ಟಿ ತುಂಬಲಿಕ್ಕೆ ಮಹಾನಗರಪಾಲಿಕೆಗೆ ಹೋದಾಗ ತಲೆ ಎತ್ತಿ ನೋಡ್ರಿ: ಆ ಇಂದ್ರಭುವನ ಕಟ್ಟಿಸಿದವರು ವಾರದ ಮನೆತನದ ಅಪ್ಪಾಸಾಹೇಬರು. ಸಂಕ್ರಾಂತಿಯ ಗಡ್ಡಾ ಯಾತ್ರೆಯಲ್ಲಿ ಏಳು ನಂದಿಧ್ವಜಗಳ ಮುಂದೆ ನಡೆಯುವ ಮನೆತನದ ಹೆಸರು ಹಿರೇಹಬ್ಬು. ಆ ಹೆಸರನ್ನ ಮರಾಠಿಗೆ ಅನುವಾದ ಮಾಡಲಿಕ್ಕೆ ಈವರೆಗೂ ಯಾರಿಗೂ ಮನಸ್ಸಾಗಿಲ್ಲ, ಪುಣ್ಯಕ್ಕ.

ಆದರೆ ಶ್ರೀಮಂತರ ಹೆಸರು ಕಟ್ಟಡದ ಮೇಲೆ ಉಳೀತದ, ದೇವರ ಹೆಸರು ಜಾತ್ರೆಯಲ್ಲಿ ಉಳೀತದ. ಬದಲಿ ಕಾಮಗಾರನ ಹೆಸರು ಎಲ್ಲಿ ಉಳೀತದ?

ಕಾಮರ್ಸ್, ಲಾ ಓದಿದ ಗೆಳೆಯರಿಗೆ ಒಂದು ಸಂಗತಿ. ನೀವು ಪರೀಕ್ಷೆಗೆ ಉರು ಹೊಡೆದ ಸೋಲಾಪುರ ಮಿಲ್ ಕೇಸು ಇದೇ ಹಳೇ ಗಿರಣಿಯದು. 1949ರಲ್ಲಿ ಗಿರಣಿ ಮುಚ್ಚಿತು. ಕಾಮಗಾರರು ಬೀದಿಗೆ ಬಿದ್ದರು ಅಂತ ಕೇಂದ್ರ ಸರ್ಕಾರ 1950ರ ಜನವರಿಯಲ್ಲಿ ಸುಗ್ರೀವಾಜ್ಞೆ ತಂದು ಆಡಳಿತ ಕೈಗೆ ತಗೊಂಡಿತು, ಬಳಿಕ ಅದೇ ಕಾಯ್ದೆಯಾಯಿತು. ಚಿರಂಜಿತ್‌ಲಾಲ್ ಚೌಧರಿ ಅನ್ನುವ ಷೇರುದಾರರು ಸುಪ್ರೀಂ ಕೋರ್ಟಿಗೆ ಹೋದರು, ಅದೇ ವರ್ಷದ ಡಿಸೆಂಬರಿನಲ್ಲಿ ಸೋತರು. ದ್ವಾರಕಾದಾಸ ಶ್ರೀನಿವಾಸ ಅನ್ನುವ ಇನ್ನೊಬ್ಬ ಷೇರುದಾರರು ಬಿಡಲಿಲ್ಲ. 1953ರ ಡಿಸೆಂಬರಿನಲ್ಲಿ ಕೋರ್ಟು ಅವರ ಪರ ತೀರ್ಪು ಕೊಟ್ಟು, ಪರಿಹಾರವಿಲ್ಲದೆ ಹೀಗೆ ವಶಪಡಿಸಿಕೊಂಡದ್ದು ಸಂವಿಧಾನಕ್ಕೆ ಒಪ್ಪುವಂಥದ್ದಲ್ಲ ಅಂದಿತು. ದೇಶದ ತುಂಬ ಕಾನೂನು ಕಾಲೇಜುಗಳಲ್ಲಿ ಈ ಕೇಸು ಓದ್ತಾರ. ಷೇರುದಾರರ ಹೆಸರು ತೀರ್ಪಿನ ತಲೆಯ ಮೇಲೇ ಅದ. ಯಾರ ಅನ್ನದ ಸಲುವಾಗಿ ಸುಗ್ರೀವಾಜ್ಞೆ ಬಂತೋ ಅವರು ಅದರಲ್ಲಿ ಬರೀ ‘ಕಾಮಗಾರರು’.

ಅದೇ 1950ರಲ್ಲಿ ಇದೇ ಊರಿನಲ್ಲಿ ಕನ್ನಡ ಸಾಹಿತ್ಯ ಸಮ್ಮೇಳನ ನಡೆಯಿತು, ಎಂ. ಆರ್. ಶ್ರೀನಿವಾಸಮೂರ್ತಿ ಅಧ್ಯಕ್ಷರು. ಒಂದು ಕಡೆ ಗಿರಣಿಯ ಕೋರ್ಟು ಗದ್ದಲ, ಇನ್ನೊಂದು ಕಡೆ ಸಮ್ಮೇಳನದ ಪೆಂಡಾಲು. ಅವತ್ತು ಅಪ್ಪನ ಹೆಗಲ ಮೇಲೆ ಕೂತು ನೋಡಿದವರಿಗೆ ಈಗ ಎಂಬತ್ತರ ಆಚೆ. ನಿಮ್ಮ ಓಣಿಯಲ್ಲಿ ಅಂಥವರು ಇದ್ದರೆ ಇದೇ ವಾರ ಹೋಗಿ ಮಾತಾಡಿಸ್ರಿ.

ನಾಲ್ಕು ಹುತಾತ್ಮರ ಚೌಕದಲ್ಲಿ ಸೆಲ್ಫಿ ತೆಗೆದುಕೊಳ್ಳೋರು ಬಹಳ ಮಂದಿ. ಗಾಂಧೀಜಿಯ ಬಂಧನ ಆದಮೇಲೆ 1930ರ ಮೇ ತಿಂಗಳಲ್ಲಿ ಊರು ಸಿಡಿದೆದ್ದಿತು, ಗಿರಣಿಯ ಮಂದಿ ಕೆಲಸ ಬಿಟ್ಟು ಹೊರಗೆ ಬಂದರು, ಮಾರ್ಷಲ್ ಲಾ ಬಂತು. 1931ರ ಜನವರಿ 12ಕ್ಕೆ ಯರವಡಾ ಜೇಲಿನಲ್ಲಿ ಮಲ್ಲಪ್ಪ ಧನಶೆಟ್ಟಿ, ಕುರ್ಬಾನ್ ಹುಸೇನ್, ಜಗನ್ನಾಥ ಶಿಂದೆ, ಶ್ರೀಕಿಸನ್ ಸಾರಡಾ ಅವರನ್ನ ಗಲ್ಲಿಗೇರಿಸಿದರು. ಸಿದ್ಧರಾಮನ ಜಾತ್ರೆ ಹೊಸ್ತಿಲಿಗೆ ಬಂದಿದ್ದ ದಿನ ಅದು. ಆ ನಾಲ್ಕು ಹೆಸರು ಒಂದಾದ ಮೇಲೊಂದು ಜೋರಾಗಿ ಓದಿದರೆ ಸಾಕು, ಈ ಊರು ಎಂಥದು ಅಂತ ತಿಳೀತದ. ಇದು ಒಬ್ಬರ ಊರು ಅಂತ ಹೇಳೋರಿಗೆ, ನಮ್ಮವರೇ ಆಗಲಿ ಬೇರೆಯವರೇ ಆಗಲಿ, ನಾವು ಕೊಡುವ ಉತ್ತರವೂ ಅದೇ.

ಸೆಟಲ್‌ಮೆಂಟ್ ಅಂತ ಕರೆಯುವ ಭಾಗದ ಹೆಸರಿನ ಹಿಂದೆಯೂ ಗಿರಣಿ ಅದ. ಕೆಲವು ಜಾತಿಗಳನ್ನ ಹುಟ್ಟಿನಿಂದಲೇ ಅಪರಾಧಿಗಳೆಂದು ಬರೆದ ಬ್ರಿಟಿಷ್ ಕಾಯ್ದೆಯ ಕೆಳಗೆ ಜನರನ್ನ ತಂತಿಬೇಲಿಯೊಳಗೆ ಇಟ್ಟು, ಗಿರಣಿಗೆ ಕೆಲಸಕ್ಕೆ ಕಳಿಸ್ತಿದ್ದರು. ಹಾಜರಿ ಹಾಕಿ ಹೋಗಬೇಕು, ಹಾಜರಿ ಹಾಕಿ ಬರಬೇಕು. ಕಾಯ್ದೆ ರದ್ದಾಗಿದ್ದು 1952ರಲ್ಲಿ. ಸ್ವಾತಂತ್ರ್ಯ ಬಂದು ಐದು ವರ್ಷ ಆದಮೇಲೆ!

ನಮ್ಮ ಹುಡುಗರು ಒಂದು ಮಾತು ಪದೇಪದೇ ಅಂತಾರ: ‘ನಾವು ಮರಾಠಿ ಶಾಲೆಯಾಗ ಓದಿದವ್ರು, ನಮಗ ಕನ್ನಡದಾಗ ಬರಿಲಿಕ್ಕೆ ಎಲ್ಲಿ ಬರ್ತದ?’ ಈ ನೆಪ ಸೊಲ್ಲಾಪುರದಲ್ಲಿ ನಡೆಯೋದಿಲ್ಲ. 1912ರಲ್ಲಿ ಇಲ್ಲೇ ಹುಟ್ಟಿದ ಜಯದೇವಿತಾಯಿ ಲಿಗಾಡೆ ಶಾಲೆಯಲ್ಲಿ ಕಲಿತದ್ದು ಮರಾಠಿ, ಕನ್ನಡ ಆಮೇಲೆ ತಾವೇ ಕಲಿತದ್ದು. ಸಿದ್ಧರಾಮನ ಮೇಲೆ ಕನ್ನಡದಲ್ಲಿ ಪುರಾಣವನ್ನೇ ಬರೆದರು. 1974ರ ಮಂಡ್ಯ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾದರು, ಆ ಕುರ್ಚಿಯಲ್ಲಿ ಕೂತ ಮೊದಲ ಹೆಣ್ಣುಮಗಳು. ನಾವು ಕೇಳ್ತಿರೋದು ಪುರಾಣ ಅಲ್ಲ, ಒಂದೆರಡು ಪುಟ. ಅಕ್ಷರ ತಪ್ಪಿದ್ದರೆ ನಾವು ತಿದ್ದೀವಿ. ಮರಾಠಿಯಲ್ಲೇ ಬರೆದು ಕಳಿಸಿದರೂ ನಡೀತದ.

ಈಗಲೇ ಯಾಕೆ ಅಂದರೆ, ಲೆಕ್ಕ ಸರಳ ಅದ. ಲಕ್ಷ್ಮಿ–ವಿಷ್ಣು 1990ರ ದಶಕದಲ್ಲಿ ಬಂದ್ ಆಯಿತು. 1970ರಲ್ಲಿ ಇಪ್ಪತ್ತು ವರ್ಷಕ್ಕೆ ಗಿರಣಿ ಸೇರಿದವನಿಗೆ ಇವತ್ತು ಎಪ್ಪತ್ತೈದು ದಾಟ್ಯದ. ನಮ್ಮೊಳಗೆ ಬ್ಯಾಂಕಿನ ಕೌಂಟರಿನಲ್ಲಿ ಕೂಡುವವರೂ ಇದ್ದೀವಿ. ನವೆಂಬರ್ ಬಂತಂದ್ರ ಹಯಾತಿ ದಾಖಲೆ ಕೊಡಲಿಕ್ಕೆ ಪಿಂಚಣಿಯ ಹಿರಿಯರ ಸಾಲು ಹಚ್ಚತದ. ‘ಯಾವ ಗಿರಣಿರಿ ಯಜಮಾನ್ರ?’ ಅಂತ ಕನ್ನಡದಲ್ಲಿ ಕೇಳಿದರೆ ಸಾಕು, ಖಾತೆ ಯಾವುದು, ಜಾಬರ್ ಯಾರು, ರಾತ್ರಿ ಪಾಳಿಗೆ ಬುತ್ತಿ ಏನು ತರ್ತಿದ್ದರು, ಎಲ್ಲ ಬರ್ತದ. ಹಿಂದಿನವರು ಗದ್ದಲ ಮಾಡಿದ ಮೇಲೇ ಮಾತು ನಿಲ್ಲೋದು. ಆ ಸಾಲು ವರ್ಷದಿಂದ ವರ್ಷಕ್ಕೆ ಗಿಡ್ಡ ಆಗ್ತಾ ಬಂದದ. ಮುದುಕರು ಹೋದ ತಿಂಗಳಿಗೇ ಟ್ರಂಕು ಖಾಲಿ ಮಾಡ್ತಾರ, ಗಿರಣಿಯ ಪಾಸು, ಪಗಾರ ಚೀಟಿ, ಚಾಳಿನ ಬಾಡಿಗೆ ಪಾವತಿ ಎಲ್ಲ ಕಿಲೋ ಲೆಕ್ಕದಲ್ಲಿ ರದ್ದಿಗೆ.

ಅಕ್ಕಲಕೋಟ, ದುಧನಿ, ಮೈಂದರ್ಗಿ, ದಕ್ಷಿಣ ಸೊಲ್ಲಾಪುರದ ಹಳ್ಳಿಗಳ ಗೆಳೆಯರಿಗೆ ಇದು ಶಹರದವರ ಕೆಲಸ ಅನಿಸಬಹುದು. ಅಲ್ಲ. ಗಿರಣಿಯಿಂದ ಬಂದ ಪಗಾರದಿಂದ ಯಾವ ಹೊಲ ಬಿಡಿಸಿಕೊಂಡರು, ಯಾರ ಮದುವೆ ಮಾಡಿದರು, ಬಂದ್ ಆದಮೇಲೆ ಯಾರು ಊರಿಗೆ ತಿರುಗಿ ಬಂದರು ಅನ್ನೋ ಅರ್ಧ ಕಥೆ ನಿಮ್ಮ ಊರ ಕಟ್ಟೆಯ ಮೇಲೇ ಕೂತದ. ಇವತ್ತು ಅಕ್ಕಲಕೋಟ ರೋಡ್ ಎಂಐಡಿಸಿಯ ಪವರ್‌ಲೂಮಿಗೆ ಟಾವೆಲ್ ನೇಯಲಿಕ್ಕೆ ಹೋಗುವ ಹುಡುಗರೂ ತಮ್ಮ ಪಾಳಿಯ ಬಗ್ಗೆ ಬರೀಬೇಕು. ಇನ್ನೂ ಐವತ್ತು ವರ್ಷ ಕಾಯೋದು ಬ್ಯಾಡ.

ಹಿಂಗ ಮಾಡ್ರಿ. ಮನೆಯ ಹಿರಿಯರ ಮುಂದೆ ಮೊಬೈಲ್ ಇಟ್ಟು ಅರ್ಧ ತಾಸು ಮಾತಾಡಿಸ್ರಿ. ಯಾವ ಗಿರಣಿ, ಯಾವ ಖಾತೆ, ಯಾವ ಪೇಠೆಯ ಯಾವ ಚಾಳು, ಪಕ್ಕದ ಮನೆಯವರು ಯಾವ ಭಾಷೆಯವರು, ಅವರ ಜೊತೆ ಏನು ಮಾತಾಡ್ತಿದ್ದರು, ಇಷ್ಟು ಕೇಳಿದರೆ ಉಳಿದದ್ದು ತಾನೇ ಬರ್ತದ. ಓಣಿಯ ಹಳೇ ಹೆಸರು ಬೇರೆ ಇದ್ದರೆ ಅದನ್ನೂ ಬರೀರಿ. ಪುಟದ ಇನ್‌ಬಾಕ್ಸಿಗೆ ಕಳಿಸ್ರಿ, ಹೆಸರು ಬ್ಯಾಡ ಅಂದವರ ಹೆಸರು ಹಾಕೂದಿಲ್ಲ. ಪಾಸು, ಪಗಾರ ಚೀಟಿಯ ಫೋಟೋ ತೆಗೆಯುವಾಗ ಪಿಎಫ್ ನಂಬರು, ಆಧಾರ್ ನಂಬರು ಕಂಡರೆ ಬೆರಳು ಇಟ್ಟು ಮುಚ್ಚಿ ತೆಗೀರಿ.