ಬೀದಿಯ ಬೆಕ್ಕೂ ಗೃಹಸ್ಥಧರ್ಮವೂ

ಅಡುಗೆಮನೆಯ ಕಿಟಕಿಯಿಂದ ನುಸುಳಿ ಹಾಲಿನ ಪಾತ್ರೆಗೆ ಬಾಯಿಹಾಕುವ, ಅಟ್ಟದಲ್ಲಿ ಮರಿಹಾಕುವ, ನಡುರಾತ್ರಿಯಲ್ಲಿ ಛಾವಣಿಯ ಮೇಲೆ ಕರ್ಕಶವಾಗಿ ಕಾದಾಡುವ ಅನಾಥ ಬೆಕ್ಕಿನಿಂದ ಗೃಹಸ್ಥನಿಗೆ ಒದಗುವ ಉಪದ್ರವವು ನಿಜವಾದುದೇ; ಆದರೆ ಅದನ್ನು ಗೋಣಿಚೀಲದಲ್ಲಿ ತುಂಬಿ ಊರಾಚೆ ಬಿಟ್ಟುಬರುವ ರೂಢಿಯು ಕ್ರೂರವೂ ನಿಷ್ಫಲವೂ ಆದುದೆಂದು ನಾನು ದೃಢವಾಗಿ ನಂಬಿದ್ದೇನೆ. ಅಪರಿಚಿತವಾದ ನೆಲದಲ್ಲಿ ಆ ಜೀವವು ಹಸಿವಿನಿಂದಲೋ ನಾಯಿಗಳ ಬಾಯಿಗೆ ಸಿಕ್ಕೋ ನಾಶವಾಗಬಹುದು. ಇತ್ತ ತೆರವಾದ ಜಾಗಕ್ಕೆ, ಆಹಾರವು ದೊರೆಯುತ್ತಿರುವವರೆಗೆ, ಮತ್ತೊಂದು ಬೆಕ್ಕು ಬಂದೇ ಬರುವುದು. ಹಸಿವು ಬಾಯಾರಿಕೆಗಳಿಂದ ನರಳುವಂತಹ ಸ್ಥಿತಿಯಲ್ಲಿ ಪ್ರಾಣಿಯನ್ನು ಸಕಾರಣವಿಲ್ಲದೆ ತೊರೆಯುವುದನ್ನು 1960ರ ಪ್ರಾಣಿಹಿಂಸೆ ತಡೆ ಕಾಯಿದೆಯು ಅಪರಾಧವೆಂದೇ ಪರಿಗಣಿಸಿದೆ.

ಹೆಣ್ಣು ಬೆಕ್ಕು 6 ತಿಂಗಳು ತುಂಬುವ ಮೊದಲೇ ಬೆದೆಗೆ ಬರಬಲ್ಲುದು. ಸುಮಾರು 9 ವಾರಗಳಲ್ಲಿ ಮರಿಹಾಕುವ ಅದು, ಆ ಮರಿಗಳು ಮೊಲೆ ಬಿಡುವ ಮುನ್ನವೇ ಪುನಃ ಗರ್ಭ ಧರಿಸುವುದೂ ಉಂಟು. ಆದುದರಿಂದ ಗಂಡು ಹೆಣ್ಣೆನ್ನದೆ ಬೆಕ್ಕನ್ನು ಮೆಲ್ಲನೆ ಹಿಡಿದು, ಪಶುವೈದ್ಯರಿಂದ ಸಂತಾನಹರಣ ಚಿಕಿತ್ಸೆ ಮಾಡಿಸಿ, ರೇಬೀಸ್ ಲಸಿಕೆ ಹಾಕಿಸಿ, ಅದೇ ಬೀದಿಗೆ ಮರಳಿ ಬಿಡುವುದೇ ಬಾಳಿಕೆ ಬರುವ ಉಪಾಯ. ಹೀಗೆ ಮಾಡಿದಲ್ಲಿ ಗಂಡುಗಳ ಕಾದಾಟವೂ, ಗೋಡೆಗಳಿಗೆ ಮೂತ್ರ ಸಿಂಪಡಿಸುವ ಚಟವೂ, ಬೆದೆಯ ಕಾಲದ ಆ ದೀರ್ಘ ಆಕ್ರಂದನವೂ ಬಹುಮಟ್ಟಿಗೆ ಅಡಗುವುವು. ಉಳಿದುದಕ್ಕೆ ಕಿಟಕಿಯ ಜಾಲರಿ, ಕಸದ ಬುಟ್ಟಿಯ ಮುಚ್ಚಳಗಳು ಸಾಕು. ನಮ್ಮ ಅಜ್ಜಿಯಂದಿರು ಹಾಲು ಮೊಸರುಗಳನ್ನು ನೆಲುವಿನಲ್ಲಿ ತೂಗಿಡುತ್ತಿದ್ದುದೂ ಇಂತಹ ವಿವೇಕದಿಂದಲೇ. ಮರಿಗಳಿದ್ದಲ್ಲಿ ಮಾತ್ರ ಅವು ತಾಯಿಹಾಲು ಬಿಡುವವರೆಗೆ ತಾಳ್ಮೆ ವಹಿಸಲೇಬೇಕು. ಚಿಕಿತ್ಸೆಯ ವೆಚ್ಚವು ಬಡ ಕುಟುಂಬಗಳಿಗೆ ಭಾರವಾಗುವುದರಿಂದ, ಬೀದಿನಾಯಿಗಳಿಗಾಗಿ ಇರುವ ಸಂತಾನನಿಯಂತ್ರಣ ವ್ಯವಸ್ಥೆಯನ್ನು ಬೆಕ್ಕುಗಳಿಗೂ ವಿಸ್ತರಿಸುವಂತೆ ನಾಗರಿಕರು ತಮ್ಮ ತಮ್ಮ ನಗರಸಭೆಗಳನ್ನು ಒತ್ತಾಯಿಸತಕ್ಕದ್ದು.